ಸಂಬಂಧ: ನಿಲ್

ಶಂಕರಪ್ಪನವರು ಮೂರು ವರ್ಷದ ಮಟ್ಟಿಗೆಂದು ತಿಪಟೂರಿನಿಂದ ವಿಜಯವಾಡಕ್ಕೆ ವರ್ಗವಾಗಿ ಬಂದು ಈಗ ಇಪ್ಪತ್ತೆರಡು ವರ್ಷವಾಯಿತು. ಇದರಲ್ಲಿ ಅವರ ಬ್ಯಾಂಕಿನ ತಪ್ಪು ಏನೂ ಇಲ್ಲ. ಮೂರು ವರ್ಷಕ್ಕೊಮ್ಮೆ ಅದು ವರ್ಗಾವಣೆಯ ಫಾರಂ ಕಳಿಸುತ್ತಿತ್ತು, ಇವರೂ ಶ್ರದ್ಧೆಯಿಂದ ತುಂಬಿ ಕಳಿಸುತ್ತಿದ್ದರು. ಆದರೆ 'ಸ್ವಂತ ರಾಜ್ಯಕ್ಕೆ ವರ್ಗ ಕೇಳಲು ವಿಶೇಷ ಕಾರಣಗಳು' ಎಂಬ ಕಾಲಂ ಬಂದಾಗ ಅವರ ಕೈ ಅವರನ್ನು ಕೇಳದೆಯೇ 'ನಿಲ್' ಎಂದು ಬರೆದುಬಿಡುತ್ತಿತ್ತು. ಕಾರಣವೇ ಇಲ್ಲದವನನ್ನು ಅಷ್ಟು ದೂರ ಎತ್ತಿ ಹಾಕುವುದೇಕೆಂದು ಮೇಲಿನವರು ಅವರನ್ನು ಪಟಮಟ ಶಾಖೆಯಿಂದ ಬೆಂಜ್ ಸರ್ಕಲ್ ಶಾಖೆಗೆ, ಅಲ್ಲಿಂದ ಮತ್ತೆ ಪಟಮಟಕ್ಕೆ ಹಾಕಿ ಕೈತೊಳೆದುಕೊಳ್ಳುತ್ತಿದ್ದರು.

ಈ 'ನಿಲ್' ರೋಗವಲ್ಲ, ವೃತ್ತಿಯ ಸಂಸ್ಕಾರ. ಸಾಲದ ಅರ್ಜಿಯಲ್ಲಿ 'ಬ್ಯಾಂಕಿನ ಸಿಬ್ಬಂದಿಯೊಡನೆ ಅರ್ಜಿದಾರರ ಸಂಬಂಧ' ಎಂಬ ಕಾಲಂ ಇರುತ್ತದೆ. ಅಲ್ಲಿ ಚಿಕ್ಕಪ್ಪ, ಭಾವಮೈದ ಎಂದೇನಾದರೂ ಬರೆದಿರೋ, ಕಡತ ವಲಯ ಕಚೇರಿಗೆ ಹೋಗಿ, ಅಲ್ಲಿಂದ ಪ್ರಧಾನ ಕಚೇರಿಗೆ ಹೋಗಿ, ಮರಳಿ ಬರುವಷ್ಟರಲ್ಲಿ ಎಮ್ಮೆಗೆಂದು ಅರ್ಜಿ ಹಾಕಿದವನಿಗೆ ಎಮ್ಮೆಯ ಮೇಲಿನ ಆಸೆಯೇ ಹೋಗಿರುತ್ತದೆ. ಆದ್ದರಿಂದ 'ಸಂಬಂಧ' ಎಂಬ ಪದ ಕಣ್ಣಿಗೆ ಬಿದ್ದ ಕೂಡಲೇ 'ನಿಲ್' ಬರೆದು, ಸಹಿ ಹಾಕಿ, ಪಕ್ಕದಲ್ಲಿ ದುಂಡು ಸೀಲು ಒತ್ತುವುದು ಇಪ್ಪತ್ತೆಂಟು ವರ್ಷದ ಸರ್ವಿಸ್ಸಿನಲ್ಲಿ ಅವರಿಗೆ ಉಸಿರಾಡಿದಷ್ಟು ಸಲೀಸಾಗಿತ್ತು.

ಅವರ ಒಬ್ಬನೇ ಮಗ ಸುಮಂತ್ ವಿಶಾಖಪಟ್ಟಣದ ಖಾಸಗಿ ವಿಶ್ವವಿದ್ಯಾಲಯವೊಂದರಲ್ಲಿ ಕೊನೆಯ ವರ್ಷದಲ್ಲಿದ್ದ. ಅಲ್ಲಿನ ಬಂದರಿನಲ್ಲಿ ಸರಕು ಸಾಗಿಸುವ ಕಂಪನಿಯೊಂದು ಅವನಿಗೆ ಆಗಲೇ ಕೆಲಸ ಕೊಟ್ಟಿತ್ತು. ಜುಲೈ ಒಂದನೇ ತಾರೀಖು ಪದವಿ ಪತ್ರ ಹಿಡಿದುಕೊಂಡು ಹಾಜರಾಗಬೇಕು, ಇಲ್ಲದಿದ್ದರೆ ಆ ಕುರ್ಚಿ ಇನ್ನೊಬ್ಬನಿಗೆ. ಪರೀಕ್ಷೆಗಳೆಲ್ಲ ಮುಗಿದು ಪಾಸೂ ಆಗಿ, ಉಳಿದದ್ದು ಎರಡು ಕ್ರೆಡಿಟ್ಟಿನ 'ಸಾಂಸ್ಕೃತಿಕ ವೈವಿಧ್ಯ' ಎಂಬ ಕಡ್ಡಾಯ ಕೋರ್ಸು ಮಾತ್ರ. ವಿದ್ಯಾರ್ಥಿಯು ತನ್ನದಲ್ಲದ ಮಾತೃಭಾಷೆಯ ಕುಟುಂಬವೊಂದರಲ್ಲಿ ಹತ್ತು ದಿನ ಇದ್ದು, ಅವರ ಊಟ ಉಪಚಾರ, ಮಾತುಕತೆಗಳನ್ನು ಗಮನಿಸಿ ನಲವತ್ತು ಪುಟ ಬರೆಯಬೇಕು. ಗೆಳೆಯರಲ್ಲಿ ಕೆಲವರು ಬುಡಕಟ್ಟಿನವರ ಮನೆ ಹುಡುಕಿ ಅರಕು ಬೆಟ್ಟ ಹತ್ತಿದರು, ಕೆಲವರು ನೌಕಾಪಡೆಯ ಕ್ವಾರ್ಟರ್ಸಿನಲ್ಲಿ ಬಂಗಾಳಿ ಮನೆ ಹಿಡಿದರು. ಸುಮಂತ್ ಮಾತ್ರ ಮೇ ತಿಂಗಳಲ್ಲಿ ಪಟಮಟದ ಮನೆಗೆ ಬಂದು, ಮಂಚದ ಮೇಲೆ ಅಂಗಾತ ಬಿದ್ದು ಫ್ಯಾನು ನೋಡುತ್ತಿದ್ದ. ಹಾಗೆ ನೋಡುತ್ತಿದ್ದಾಗ ಅಡುಗೆಮನೆಯಿಂದ ಇನ್ನೊಂದು ಭಾಷೆ ಕೇಳಿಬಂತು. ಅವನ ತಾಯಿ ಕಮಲಾಕ್ಷಿ ಮಿಕ್ಸಿಗೆ ಬೈಯುತ್ತಿದ್ದರು.

"ಅಮ್ಮಾ, ನೀವು ಬೇರೆ ಕಲ್ಚರ್ ಕದಾ?" ಎಂದು ಅರ್ಧ ತೆಲುಗಿನಲ್ಲಿ ಕೇಳಿದ.

"ಯಾವ ನೀವು?"

"ನೀನೂ, ನಾನ್ನಾನೂ." ತಂದೆಯನ್ನು ಅವನು ಹುಟ್ಟಿದಾಗಿನಿಂದ ತೆಲುಗರಂತೆ ನಾನ್ನಾ ಎಂದೇ ಕರೆಯುತ್ತಿದ್ದ. "ಅಡ್ಮಿಷನ್ ಫಾರಂನಲ್ಲಿ ನನ್ನ ಮಾತೃಭಾಷೆ ತೆಲುಗು ಅಂತ ಬರ್ದಿದೀನಿ. ನೀವು ಕನ್ನಡ. ಸರಿಹೋಯ್ತು."

ಕಮಲಾಕ್ಷಿ ಮಿಕ್ಸಿ ನಿಲ್ಲಿಸಿ ಹೊರಗೆ ಬಂದರು. "ನಿನ್ನ ಮಾತೃಭಾಷೆ ತೆಲುಗಾ? ಹಂಗಾದ್ರೆ ಇಪ್ಪತ್ತೊಂದು ವರ್ಷ ನಾನು ಬೈದಿದ್ದೆಲ್ಲ ಯಾವ ಭಾಷೇಲಿ ಅಂತ ತಿಳ್ಕೊಂಡಿದ್ಯಪ್ಪಾ?"

"ಬೈಯೋದು ಅರ್ಥ ಆಗ್ತದೆ ಅಮ್ಮಾ. ತಿರುಗಿ ಚೆಪ್ಪೋದು ಬರಲ್ಲ, ಅಷ್ಟೇ."

ಕಮಲಾಕ್ಷಿಗೆ ಇದು ಚುಚ್ಚಿತು. ಆದರೆ ಮಗನ ಕೆಲಸದ ಮಾತೆಂದು ನುಂಗಿಕೊಂಡರು. ಶಂಕರಪ್ಪನವರಿಗೆ ಮಾತ್ರ ಹಿಗ್ಗೋ ಹಿಗ್ಗು. ವಿಶ್ವವಿದ್ಯಾಲಯವೊಂದು ತಮ್ಮ ಊಟ, ಮಾತು, ಸ್ನಾನಗಳನ್ನು ಅಧ್ಯಯನ ಮಾಡಲು ಅಪ್ಪಣೆ ಕೇಳುವುದೆಂದರೇನು? 'ಅತಿಥೇಯ ಕುಟುಂಬದ ಒಪ್ಪಿಗೆ ಪತ್ರ'ವನ್ನು ಬ್ಯಾಂಕಿಗೇ ಒಯ್ದು, ಇಬ್ಬರು ಗಿರಾಕಿಗಳ ನಡುವಿನ ಬಿಡುವಿನಲ್ಲಿ ತುಂಬಿದರು. ಹೆಸರು, ವಿಳಾಸ, ಮಾತೃಭಾಷೆ ಎಲ್ಲ ಬರೆದರು. ಆಮೇಲೆ 'ವಿದ್ಯಾರ್ಥಿಯೊಡನೆ ನಿಮ್ಮ ಸಂಬಂಧ' ಎಂಬ ಕಾಲಂ ಬಂತು. ಕೈ ತನ್ನ ಕೆಲಸ ಮಾಡಿತು. ಸಹಿ ಬಿತ್ತು, ಸೀಲು ಬಿತ್ತು, ಸ್ಕ್ಯಾನ್ ಆಗಿ ವಿಶಾಖಪಟ್ಟಣಕ್ಕೆ ಹೋಯಿತು.

ಮರುವಾರ ಬುಧವಾರ ಮಧ್ಯಾಹ್ನ ಬ್ಯಾಂಕಿಗೇ ಫೋನು ಬಂತು. ಆ ಕೋರ್ಸಿನ ಅಧ್ಯಾಪಕಿ ಹೈಮಾವತಿ. ಮೆಲ್ಲಗಿನ ತೆಲುಗಿನಲ್ಲಿ ಕೇಳಿದರು: "ಶಂಕರಪ್ಪ ಗಾರೂ, ಸಂಬಂಧದ ಕಾಲಂನಲ್ಲಿ ಬರೆದಿರೋದು ನೀವೇನಾ ಅಂಡಿ?"

ಏನು ಬರೆದಿದ್ದೆನೆಂಬುದು ಶಂಕರಪ್ಪನವರಿಗೆ ನೆನಪಿರಲಿಲ್ಲ. ಆದರೂ ಕೇಳಿದ ರೀತಿ ಅವರನ್ನು ಕೆಣಕಿತು. "ನಾನೇ ಮೇಡಂ. ಸಹಿ ನಂದು, ಸೀಲೂ ನಂದು."

"ಯೋಚನೆ ಮಾಡಿ ಬರೆದದ್ದಾ?"

"ಇಪ್ಪತ್ತೆಂಟು ವರ್ಷ ಸರ್ವಿಸ್ಸು ಮೇಡಂ. ಯೋಚನೆ ಮಾಡದೆ ಸೀಲು ಒತ್ತೋನಲ್ಲ."

"ಅಂದರೆ ಆ ಹುಡುಗನಿಗೂ ನಿಮಗೂ ಏನೇನೂ ಇಲ್ಲ ಅಂತೀರಾ?"

ಆಗ ಶಂಕರಪ್ಪನವರು ಕಂಪ್ಯೂಟರಿನಲ್ಲಿ ಆ ಪತ್ರ ತೆಗೆದು ನೋಡಿದರು. ಅವರದೇ ದುಂಡಗಿನ ಅಕ್ಷರದಲ್ಲಿ, ಅವರ ಒಬ್ಬನೇ ಮಗನ ಹೆಸರಿನ ಎದುರು, 'ನಿಲ್'. ತಪ್ಪಾಯಿತೆನ್ನಲು ಬಾಯಿ ತೆರೆದರು. ಆದರೆ ಸಹಿ, ಸೀಲು ಹಾಕಿದ ಘೋಷಣೆ ಸುಳ್ಳೆಂದು ಒಪ್ಪಿಕೊಂಡವರಿಗೆ ಬ್ಯಾಂಕಿನಲ್ಲಿ ಏನಾಗುತ್ತದೆಂದು ಅವರು ಕಣ್ಣಾರೆ ಕಂಡಿದ್ದರು. ಒಬ್ಬನಿಗಂತೂ ನಿವೃತ್ತಿಯ ದಿನವೇ ಹೂವಿನ ಹಾರ ಮತ್ತು ಚಾರ್ಜ್‌ಶೀಟು ಒಟ್ಟಿಗೆ ಸಿಕ್ಕಿದ್ದವು.

"ಅದರಲ್ಲಿ ಏನಿದೆಯೋ ಅದೇ ಮೇಡಂ," ಎಂದುಬಿಟ್ಟರು.

ಫೋನಿನಲ್ಲಿ ಒಂದು ದೊಡ್ಡ ನಿಟ್ಟುಸಿರು ಕೇಳಿಸಿತು. "ಶನಿವಾರ ನಾನು ಮಂಗಳಗಿರಿಗೆ ಬರ್ತಿದೀನಿ. ಅಲ್ಲಿ ನೇಕಾರರ ಮನೆಯಲ್ಲಿ ನಮ್ಮ ಒಬ್ಬ ವಿದ್ಯಾರ್ಥಿನಿ ಇದಾಳೆ. ಹಾಗೇ ನಿಮ್ಮ ಮನೆಗೂ ಬರ್ತೀನಿ. ನನ್ನ ಜೊತೆ ರಾಮ್‌ಪ್ರಸಾದ್ ಗಾರು ಅಂತ ಒಬ್ಬರು ಇರ್ತಾರೆ. ಅಲ್ಲೀತನಕ ದಯವಿಟ್ಟು ಹುಡುಗನಿಗೆ ಏನೂ ಅನ್ನಬೇಡಿ."

ಮನೆಯಲ್ಲಿ ಇದನ್ನು ಕೇಳಿ ಸುಮಂತನ ಮುಖದ ಬಣ್ಣ ಇಳಿಯಿತು. ಸ್ವಂತ ಮನೆಯನ್ನೇ ಅಧ್ಯಯನ ಮಾಡಿ ಸಿಕ್ಕಿಬಿದ್ದರೆ ಕೋರ್ಸೇ ರದ್ದೆಂದು ಒಬ್ಬ ಸೀನಿಯರ್ ಹಿಂದಿನ ದಿನವಷ್ಟೇ ಅವನಿಗೆ ಹೇಳಿದ್ದನಂತೆ. ಮತ್ತೆ ಮಾಡಬೇಕೆಂದರೆ ಡಿಸೆಂಬರ್. ಬಂದರಿನ ಕೆಲಸ ಡಿಸೆಂಬರಿನವರೆಗೆ ಕಾಯುತ್ತದೆಯೇ?

"ರಾಮ್‌ಪ್ರಸಾದ್ ಅಂದ್ರೆ ಹೊರಗಿನ ಪರೀಕ್ಷಕರು, ಅನುಮಾನವೇ ಇಲ್ಲ," ಎಂದರು ಶಂಕರಪ್ಪನವರು. "ಇನ್ನು ಒಂದೇ ದಾರಿ. ಶನಿವಾರ ಒಂದು ದಿನ ನೀನು ನನ್ನ ಮಗ ಅಲ್ಲ."

"ನಾನ್ನಾ, ಸ್ವಲ್ಪ ಯೋಚನೆ ಮಾಡಿ ಬರೀಬಾರ್ದಿತ್ತಾ?"

"ಅದನ್ನೇ ಆ ಮೇಡಮ್ಮೂ ಕೇಳಿದ್ರು."

ಈ ಸಂಕಟದ ವಾಸನೆ ಮೊದಲು ಹಿಡಿದವರು ಎದುರು ಮನೆಯ ಸೂರ್ಯಪ್ರಕಾಶ ಅವರು. ನೀರಾವರಿ ಇಲಾಖೆಯಿಂದ ನಿವೃತ್ತರಾದ ಮೇಲೆ ಅಪಾರ್ಟ್‌ಮೆಂಟಿನ ಸಂಘದ ಕಾರ್ಯದರ್ಶಿಯಾಗಿ ಇಡೀ ಕಟ್ಟಡವನ್ನು ಕಾಲುವೆಯ ಹಾಗೆ ನೋಡಿಕೊಳ್ಳುತ್ತಿದ್ದರು. ಎಲ್ಲಿ ತಿರುಗಿಸಬೇಕು, ಎಲ್ಲಿ ಕಟ್ಟಬೇಕು ಎಂಬುದೇ ಅವರ ಚಿಂತೆ. ವಿಷಯ ತಿಳಿದ ಕೂಡಲೇ ಕುರ್ಚಿ ಎಳೆದು ಕೂತರು.

"ಇದು ನನಗೆ ಬಿಡಿ ಅಂಡಿ. ಈ ಬಿಲ್ಡಿಂಗಿನಲ್ಲಿ ಈ ಹುಡುಗನನ್ನ ಹತ್ತು ದಿನದ ಹಿಂದೆ ಕಂಡವರೇ ಇಲ್ಲ. ಎಲ್ಲರಿಗೂ ನಾನು ಹೇಳ್ತೀನಿ."

ಹೇಳಿಯೂ ಹೇಳಿದರು. ಗುರುವಾರ ಸಂಜೆಯ ಹೊತ್ತಿಗೆ ಮೂರು ಮಹಡಿಯವರೂ ಸುಮಂತನನ್ನು ಮೆಟ್ಟಿಲ ಮೇಲೆ ಕಂಡರೆ "ಯಾರಪ್ಪಾ ನೀನು, ಯಾವ ಊರು?" ಎಂದು ಕೇಳಿ ಅಭ್ಯಾಸ ಮಾಡತೊಡಗಿದರು. ಅವನು ಹಸುಗೂಸಾಗಿದ್ದಾಗ ಕಾಲ ಮೇಲೆ ಹಾಕಿಕೊಂಡು ನೀರು ಹೊಯ್ದಿದ್ದ ಕೆಳಮನೆಯ ಅಜ್ಜಿಯಂತೂ ಎಷ್ಟು ಚೆನ್ನಾಗಿ ಕೇಳಿದರೆಂದರೆ, ನಿಜವಾಗಿಯೂ ಮರೆತರೇನೋ ಎಂದು ಹುಡುಗನಿಗೆ ಹೆದರಿಕೆಯಾಯಿತು. ಬಾಗಿಲ ಮೇಲಿನ ಹಲಗೆಯಲ್ಲಿ ಮೂವರ ಹೆಸರೂ ಇತ್ತು. ಸೂರ್ಯಪ್ರಕಾಶ ಅವರು ಅದರ ಮೇಲೆ 'ಶನಿವಾರ ನೀರು ಬರುವುದಿಲ್ಲ' ಎಂಬ ಸಂಘದ ಹಳೆಯ ನೋಟಿಸು ಅಂಟಿಸಿದರು. ಅದನ್ನು ನಂಬಿ ಶನಿವಾರ ಬೆಳಿಗ್ಗೆ ಇಡೀ ಮಹಡಿ ಬಕೆಟ್ಟು ತುಂಬಿಸಿಕೊಂಡದ್ದರಿಂದ ಟ್ಯಾಂಕು ಬರಿದಾಗಿ, ಹತ್ತು ಗಂಟೆಗೆ ನಿಜಕ್ಕೂ ನೀರು ನಿಂತಿತು.

ಗೋಡೆಯ ಮೇಲಿದ್ದ ಸುಮಂತನ ಫೋಟೋಗಳೆಲ್ಲ ಇಳಿದು ಮಂಚದ ಕೆಳಗೆ ಹೋದವು. ಸುಣ್ಣ ಹೊಡೆಸಿ ಎಂಟು ವರ್ಷವಾಗಿದ್ದ ಗೋಡೆಯಲ್ಲಿ ಅವು ಇದ್ದ ಜಾಗ ಮಾತ್ರ ಬೆಳ್ಳಗೆ, ಚೌಕ ಚೌಕವಾಗಿ ಉಳಿಯಿತು.

ತೊಂದರೆ ಕೊಟ್ಟವರು ಕಮಲಾಕ್ಷಿ ಒಬ್ಬರೇ. ಅತಿಥಿ ವಿದ್ಯಾರ್ಥಿಯನ್ನು ಬಹುವಚನದಲ್ಲಿ ಮಾತಾಡಿಸಬೇಕೆಂದು ಶಂಕರಪ್ಪನವರು ಎರಡು ದಿನ ತಾಲೀಮು ಮಾಡಿಸಿದರು.

"ಹೇಳು. 'ಬನ್ನಿ ಸುಮಂತ್, ಊಟ ಮಾಡಿ.'"

"ಬನ್ನಿ ಸುಮಂತ್, ಊಟ ಮಾಡಿ," ಎಂದರು ಕಮಲಾಕ್ಷಿ. "ಮಾಡಿದ ತಟ್ಟೆ ತೊಳ್ದಿಡೋ, ನಿನ್ನೇದೂ ಅಲ್ಲೇ ಬಿದ್ದಿದೆ."

ಅಂತೂ ಶನಿವಾರ ಬಂತು. ಎರಡನೇ ಶನಿವಾರವಾದ್ದರಿಂದ ಬ್ಯಾಂಕಿಗೆ ರಜೆ. ಹನ್ನೊಂದು ಗಂಟೆಗೆ ಹೈಮಾವತಿಯವರು ಮಂಗಳಗಿರಿಯ ಹೊಸ ಸೀರೆಯ ಕಟ್ಟು ಹಿಡಿದು ಬಂದರು. ಐವತ್ತರ ಆಸುಪಾಸಿನ, ಸಾವಕಾಶದ ಹೆಂಗಸು. ಅವರ ಹಿಂದೆ ರಾಮ್‌ಪ್ರಸಾದ್. ತೆಳ್ಳಗಿನ ಮನುಷ್ಯ, ಕೈಯಲ್ಲಿ ನೋಟ್‌ಬುಕ್ಕು, ಮುಖದಲ್ಲಿ ಸಾವಿನ ಮನೆಗೆ ಬಂದವರ ಸೌಜನ್ಯ. ಪರೀಕ್ಷಕರೆಂದರೆ ಹೀಗೇ ಇರಬೇಕೆಂದು ಶಂಕರಪ್ಪನವರಿಗೆ ಖಾತ್ರಿಯಾಯಿತು.

ಮೆಟ್ಟಿಲಲ್ಲೇ ಕಾದಿದ್ದ ಸೂರ್ಯಪ್ರಕಾಶ ಅವರು ಯಾರೂ ಕೇಳದಿದ್ದರೂ ಸಾಕ್ಷಿ ನುಡಿದರು. "ಇಪ್ಪತ್ತು ವರ್ಷದಿಂದ ಇವರ ಎದುರು ಮನೆಯಲ್ಲಿದೀನಿ ಮೇಡಂ. ಶಂಕರಪ್ಪ ಗಾರಿಗೆ ಮಗ ಅನ್ನೋನೇ ಇಲ್ಲ. ಇದ್ದ ಅಂತ ಯಾರಾದರೂ ಹೇಳಿದರೆ ನಂಬಬೇಡಿ."

ಹೈಮಾವತಿಯವರು ರಾಮ್‌ಪ್ರಸಾದರ ಮುಖ ನೋಡಿದರು. ರಾಮ್‌ಪ್ರಸಾದ್ ಏನೋ ಬರೆದುಕೊಂಡರು.

ಒಳಗೆ ಬಂದವರೇ ಹೈಮಾವತಿಯವರು ಗೋಡೆಯ ಮುಂದೆ ನಿಂತರು. ಬೆಳ್ಳನೆಯ ಚೌಕಗಳನ್ನು ಒಂದೊಂದಾಗಿ ನೋಡಿ, ಒಂದನ್ನು ಬೆರಳಿನಿಂದ ಮುಟ್ಟಿದರು. "ಎಲ್ಲವನ್ನೂ ತೆಗೆದುಬಿಟ್ಟಿದ್ದಾರೆ," ಎಂದು ಮೆಲ್ಲಗೆ ಹೇಳಿಕೊಂಡು ಸೆರಗಿನಿಂದ ಕಣ್ಣೊತ್ತಿದರು. ಧೂಳು ಕಣ್ಣಿಗೆ ಹೋಯಿತೆಂದುಕೊಂಡ ಶಂಕರಪ್ಪನವರು ಫ್ಯಾನು ಕಡಿಮೆ ಮಾಡಿದರು.

ಸಂದರ್ಶನ ಶುರುವಾಯಿತು. ಪರಭಾಷೆಯವರೆಂದು ಎದ್ದು ಕಾಣಲಿ ಎಂದು ಶಂಕರಪ್ಪನವರು ಆ ದಿನ ತೆಲುಗನ್ನು ಪೂರ್ತಿ ಬಿಟ್ಟುಬಿಡುವುದೆಂದೂ, ತಮ್ಮ ಮಾತನ್ನು ಸುಮಂತ್ ತೆಲುಗಿಗೆ ತಿರುಗಿಸುವುದೆಂದೂ ನಿರ್ಧಾರವಾಗಿತ್ತು. ಫೋನಿನಲ್ಲಿ ತಾವು ಹತ್ತು ನಿಮಿಷ ಸೊಗಸಾದ ತೆಲುಗು ಮಾತಾಡಿದ್ದು ಅವರಿಗೆ ಮರೆತೇ ಹೋಗಿತ್ತು. ಹೈಮಾವತಿಯವರಿಗೆ ಮರೆತಿರಲಿಲ್ಲ. ಮಗನ ಎದುರು ನೇರವಾಗಿ ಬಾಯಿಬಿಡಲೂ ಈ ಮನುಷ್ಯನಿಗೆ ಮನಸ್ಸಿಲ್ಲವೆಂದು ಅವರು ತಲೆ ಅಲ್ಲಾಡಿಸಿದರು.

ರಾಮ್‌ಪ್ರಸಾದ್ ಮುಂದೆ ಬಾಗಿದರು. "ಸರ್, ಈ ಹುಡುಗನನ್ನ ನೋಡಿದಾಗ ನಿಮ್ಮ ಮನಸ್ಸಿಗೆ ಏನನ್ನಿಸುತ್ತೆ?"

ಇದು ಬಲೆ ಎಂದು ಶಂಕರಪ್ಪನವರಿಗೆ ತಕ್ಷಣ ಗೊತ್ತಾಯಿತು. ಗಂಟಲು ಸರಿಮಾಡಿಕೊಂಡು ಕನ್ನಡದಲ್ಲಿ ಹೇಳಿದರು: "ನಮಗೇನೂ ಅನ್ನಿಸೋದಿಲ್ಲ. ಬಂದಿದಾರೆ, ಇದಾರೆ, ಅವಧಿ ಮುಗಿದ ಕೂಡಲೇ ನಿರ್ಗಮಿಸ್ತಾರೆ. ಈ ವಿಷಯದಲ್ಲಿ ನಮ್ಮ ಹೊಣೆಗಾರಿಕೆ ಯಾವುದೂ ಬಾಕಿ ಇಲ್ಲ."

ಸುಮಂತ್ ಕಣ್ಣು ಬಿಟ್ಟ. "ನಿರ್ಗ... ಮತ್ತೊಂದ್ಸಲ ಹೇಳಿ ಸರ್?"

ಶಂಕರಪ್ಪನವರು ಮತ್ತೆ ಹೇಳಿದರು. ಅವನಿಗೆ ಹೊಣೆಗಾರಿಕೆಯೂ ತಿಳಿಯಲಿಲ್ಲ. ಮೂರನೆಯ ಸಲ ಹೇಳಿದ ಮೇಲೆ, ಅರ್ಥವಾದಷ್ಟನ್ನು ತೆಲುಗಿನಲ್ಲಿ ಒಪ್ಪಿಸಿದ: "ಏನೂ ಅನ್ನಿಸಲ್ಲವಂತೆ. ಹೋದರೆ ಸಾಕಂತೆ."

"ಅದನ್ನ ಆ ಮಗುವಿನ ಬಾಯಿಂದಲೇ ಹೇಳಿಸ್ತಾರಲ್ಲ," ಎಂದು ಹೈಮಾವತಿಯವರು ಗೋಡೆಯ ಕಡೆ ತಿರುಗಿಕೊಂಡರು.

ಪರೀಕ್ಷೆ ಕೆಡುತ್ತಿದೆ ಎಂದು ಶಂಕರಪ್ಪನವರಿಗೆ ಅನ್ನಿಸಿತು. ಆದರೆ ಎಲ್ಲಿ ಕೆಡುತ್ತಿದೆ ಎಂದು ತಿಳಿಯಲಿಲ್ಲ. ಸಂಬಂಧವಿಲ್ಲದಿರುವುದು ಸಾಲದಾಯಿತೇನೋ ಎಂದು ಇನ್ನೂ ಎರಡು ಮಾತು ಸೇರಿಸಿದರು. ಹುಡುಗನ ಹೆಸರೇ ತಮಗೆ ಆಗಾಗ ಮರೆಯುತ್ತದೆಂದರು. ಅವನು ಹೋದ ಮೇಲೆ ಆ ಕೋಣೆಯಲ್ಲಿ ಅಕ್ಕಿಮೂಟೆ ಇಡುವುದೆಂದರು. ಸುಮಂತ್ ಬೆವರುತ್ತಾ ಅನುವಾದಿಸಿದ. ಎಷ್ಟು ಸೇರಿಸಿದರೂ ಹೈಮಾವತಿಯವರ ಮುಖ ಕುಗ್ಗುತ್ತಲೇ ಹೋಯಿತು, ರಾಮ್‌ಪ್ರಸಾದರ ನೋಟ್‌ಬುಕ್ಕು ತುಂಬುತ್ತಲೇ ಹೋಯಿತು.

ಕೊನೆಗೆ ಹೈಮಾವತಿಯವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಕಮಲಾಕ್ಷಿಯ ಹತ್ತಿರ ಹೋಗಿ ಕೈ ಹಿಡಿದುಕೊಂಡರು. "ಅಮ್ಮಾ, ನೀವಾದರೂ ಹೇಳಿ. ಈ ಹುಡುಗ ನಾಳೆ ಹೊರಟುಹೋಗ್ತಾನೆ. ಮತ್ತೆ ಬರಬೇಕು ಅಂತ ನಿಮಗೆ ಅನ್ನಿಸೋದಿಲ್ಲವಾ?"

ಇದಕ್ಕೆ ಉತ್ತರವನ್ನು ಸೂರ್ಯಪ್ರಕಾಶ ಅವರೇ ಬರೆದುಕೊಟ್ಟಿದ್ದರು: ಬಂದರೆ ಸಂತೋಷ, ಬರದಿದ್ದರೂ ಸಂತೋಷ. ಕಮಲಾಕ್ಷಿ ಬಾಯಿ ತೆರೆದರು. "ಬಂದ್ರೆ ಸಂತೋಷ," ಎಂದರು. ಮುಂದಿನದು ಬರಲಿಲ್ಲ. ಮಗನ ಮುಖ ನೋಡಿದರು, ಗೋಡೆ ನೋಡಿದರು. ಅವರಿಗೆ ತಡೆಯಲಾಗಲಿಲ್ಲ.

"ಬರ್ದೆ ಎಲ್ಲಿಗೆ ಹೋಗ್ತಾನೆ? ಇದು ಅವನ ಮನೆ. ನನ್ನ ಮಗ ಅವನು, ನಾನೇ ಹೆತ್ತಿದ್ದು," ಎಂದು ಕನ್ನಡದಲ್ಲಿ ಶುರುಮಾಡಿ, ಅದನ್ನೇ ತೆಲುಗಿನಲ್ಲಿ ಇನ್ನೊಮ್ಮೆ ಸ್ಪಷ್ಟವಾಗಿ ಹೇಳಿ ಮುಗಿಸಿದರು. "ನಿಮ್ಮ ಡಿಗ್ರಿ ಬೇಕಾದ್ರೆ ಇಟ್ಕೊಳಿ. ಯಾರೋ ಅಂತ ಇನ್ನೊಂದ್ಸಲ ನಾನು ಅನ್ನಲ್ಲ."

ಶಂಕರಪ್ಪನವರು ಸೋಫಾದಲ್ಲಿ ಕುಸಿದರು. ಮಗನ ಪದವಿ, ಬಂದರಿನ ಕೆಲಸ, ತಮ್ಮ ಪಿಂಚಣಿ, ಎಲ್ಲ ಕಣ್ಣ ಮುಂದೆ ಸಾಲಾಗಿ ಹೊರಟುಹೋದವು. ಸುಮಂತ್ ಮಾತ್ರ ಅಮ್ಮನ ಪಕ್ಕದಲ್ಲಿ ಹೋಗಿ ನಿಂತುಕೊಂಡ.

ಆದರೆ ಹೈಮಾವತಿಯವರು ಕಮಲಾಕ್ಷಿಯ ಕೈ ಬಿಡಲಿಲ್ಲ. ಇನ್ನೊಂದು ಕೈಯಿಂದ ಎದೆ ಸವರಿಕೊಂಡು, "ಅಮ್ಮಯ್ಯ, ಈಗ ಜೀವ ಬಂತು," ಎಂದರು. ರಾಮ್‌ಪ್ರಸಾದ್ ನೋಟ್‌ಬುಕ್ಕು ಮುಚ್ಚಿ ಮೊದಲ ಬಾರಿಗೆ ನಕ್ಕರು. "ತಾಯಿಯ ಕಡೆಯಿಂದ ದಾರಿ ಇದೆ ಮೇಡಂ. ತಂದೆಯವರನ್ನೂ ನಿಧಾನಕ್ಕೆ ಸರಿಮಾಡಬಹುದು."

"ನನ್ನನ್ನ ಏನು ಸರಿಮಾಡೋದು?" ಎಂದು ಶಂಕರಪ್ಪನವರು ಗಾಬರಿಯಲ್ಲಿ ತೆಲುಗಿನಲ್ಲೇ ಕೇಳಿದರು.

ಹೈಮಾವತಿಯವರು ಎರಡು ಕಾಗದ ತೆಗೆದು ಮೇಜಿನ ಮೇಲಿಟ್ಟರು. "ಇದು ಹುಡುಗನ ಅಡ್ಮಿಷನ್ ಫಾರಂ. ತಂದೆ ಶಂಕರಪ್ಪ, ಪಟಮಟ, ಮೂರನೇ ಮಹಡಿ. ಇದು ನೀವು ಕಳಿಸಿದ್ದು. ಅದೇ ಶಂಕರಪ್ಪ, ಅದೇ ಪಟಮಟ, ಅದೇ ಮಹಡಿ, ಸಂಬಂಧ ನಿಲ್. ಅದಕ್ಕೆ ಸಹಿ, ಸೀಲು ಬೇರೆ. ಅಪ್ಪ ಮಗನನ್ನ ಮಗನೇ ಅಲ್ಲ ಅಂತ ಬಿಟ್ಟುಬಿಟ್ಟಿದ್ದಾರೆ ಅಂದುಕೊಂಡು ಬುಧವಾರದಿಂದ ನನಗೆ ಊಟ ಸೇರಿಲ್ಲ. ಇವರು ಪರೀಕ್ಷಕರಲ್ಲ ಅಂಡಿ, ನಮ್ಮ ಕೌನ್ಸೆಲರು. ಮನೆ ಜಗಳ ಬಿಡಿಸೋದು ಇವರ ಕೆಲಸ."

ವಿಳಾಸ ಒಂದೇ ಎಂಬುದು ಅಪ್ಪನಿಗೆ, ಮಗನಿಗೆ, ಮೂರು ಮಹಡಿಯವರಿಗೆ, ನೀರಾವರಿ ಇಲಾಖೆಯ ಮೂವತ್ತೈದು ವರ್ಷದ ಅನುಭವಕ್ಕೆ, ಯಾರಿಗೂ ಹೊಳೆದಿರಲಿಲ್ಲ.

"ಮೇಡಂ, ಸ್ವಂತ ಮನೆ ಆದರೆ ಕೋರ್ಸ್ ರದ್ದು ಅಲ್ಲವಾ?" ಎಂದ ಸುಮಂತ್.

"ಯಾರು ಹೇಳಿದ್ದು? ಕೈಪಿಡಿ ಓದಿದೀಯಾ? ದಾಖಲೆಯಲ್ಲಿ ಮಾತೃಭಾಷೆ ಬೇರೆ ಇದ್ದರೆ ಆಯಿತು. ಅಪ್ಪ ತೆಲುಗು, ಅಮ್ಮ ಒಡಿಯಾ ಇರೋ ಮಕ್ಕಳು ಅಜ್ಜಿ ಮನೆಗೇ ಹೋಗಿ ಬರೆದುಕೊಂಡು ಬರ್ತಾರೆ."

ಶಂಕರಪ್ಪನವರು ಎರಡು ಕಾಗದವನ್ನೂ ಅಕ್ಕಪಕ್ಕ ಇಟ್ಟು ನೋಡಿದರು. ಆಮೇಲೆ ಸಾಲದ ಅರ್ಜಿಯಿಂದ ಶುರುಮಾಡಿ ಎಮ್ಮೆಯವರೆಗೆ, ವರ್ಗಾವಣೆಯಿಂದ ಹಿಡಿದು ಇಪ್ಪತ್ತೆರಡು ವರ್ಷದವರೆಗೆ ತಮ್ಮ 'ನಿಲ್'ನ ಕಥೆಯನ್ನು ಹೇಳಿದರು. ರಾಮ್‌ಪ್ರಸಾದ್ ನಕ್ಕು ನಕ್ಕು ಕನ್ನಡಕ ಒರೆಸಿಕೊಂಡರು. ಶಂಕರಪ್ಪನವರಿಗೆ ಎದೆಯ ಮೇಲಿನ ಭಾರ ಇಳಿದು, ಬುಧವಾರದಿಂದ ತಮಗೂ ಹಸಿವಿರಲಿಲ್ಲವೆಂಬುದು ಆಗ ನೆನಪಾಯಿತು. 'ನಿಲ್' ಅನ್ನು ಹೊಡೆದುಹಾಕಿ 'ತಂದೆ' ಎಂದು ಬರೆದು ಸಹಿ ಮಾಡಿದರು. ಸೀಲಿಲ್ಲದ ಸಹಿ ಅವರಿಗೆ ಅಭ್ಯಾಸವಿಲ್ಲ, ಕೈ ಸೋಫಾದ ಮೇಲೆಲ್ಲ ಸೀಲು ಹುಡುಕಿತು. ಬಾಗಿಲ ಸಂದಿಯಿಂದ ಎಲ್ಲ ಕೇಳಿಸಿಕೊಂಡಿದ್ದ ಸೂರ್ಯಪ್ರಕಾಶ ಅವರು ನೋಟಿಸು ಕಿತ್ತುಕೊಂಡು ಒಳಗೆ ಬಂದು, ತಾವು ಈ ಹುಡುಗನನ್ನು ಹುಟ್ಟಿದಾಗಿನಿಂದ ಬಲ್ಲೆವೆಂದು ಹೊಸ ಸಾಕ್ಷಿ ನುಡಿದರು.

ಬಸ್ಸಾರು, ಮುದ್ದೆಯ ಊಟವಾಯಿತು. ಹೊರಡುವಾಗ ಹೈಮಾವತಿಯವರು ಒಂದು ಮಾತು ಹೇಳಿದರು. "ಒಂದು ವಿಷಯ ನೋಡಿ ಮಾತ್ರ ನಾನು ಪೂರ್ತಿ ನಂಬಿಬಿಟ್ಟಿದ್ದೆ. ಅಪ್ಪನ ಎರಡು ಮಾತು ತಿಳಿಯೋಕೆ ಮಗನಿಗೆ ಮೂರು ಸಲ ಹೇಳಬೇಕಾಯ್ತಲ್ಲ. ಎಷ್ಟು ವರ್ಷದಿಂದ ಇವರು ಮಾತು ಬಿಟ್ಟಿದ್ದಾರೋ ಅಂದುಕೊಂಡೆ."

ಸುಮಂತ್ ತನ್ನ ತಟ್ಟೆಯನ್ನು ತಾನೇ ಒಯ್ದು ತೊಳೆದಿಟ್ಟ.

ಜೂನ್ ಇಪ್ಪತ್ತಕ್ಕೆ ಫಲಿತಾಂಶ ಬಂತು. ಪಾಸು. ಜೊತೆಗೆ ಅಧ್ಯಾಪಕಿಯ ಷರಾ: 'ವಿದ್ಯಾರ್ಥಿಯ ಭಾಷಾಜ್ಞಾ­ನ ಹತ್ತು ದಿನಕ್ಕೆ ತೃಪ್ತಿಕರ, ಇಪ್ಪತ್ತೊಂದು ವರ್ಷಕ್ಕೆ ಅಲ್ಲ. ಅತಿಥೇಯ ಕುಟುಂಬದಲ್ಲಿ ವಾಸ ಮುಂದುವರಿಸತಕ್ಕದ್ದು.' ಕಮಲಾಕ್ಷಿ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ಜುಲೈ ಒಂದಕ್ಕೆ ಸುಮಂತ್ ಬಂದರಿನಲ್ಲಿ ಹಾಜರಾದ. ಈಗ ಎರಡು ವಾರಕ್ಕೊಮ್ಮೆ ರೈಲು ಹತ್ತಿ ಪಟಮಟಕ್ಕೆ ಬರುತ್ತಾನೆ, ಊಟವನ್ನು ಕನ್ನಡದಲ್ಲಿ ಕೇಳಿದರೆ ಮಾತ್ರ ಬಡಿಸುತ್ತಾರೆ. ಮೊದಮೊದಲು ಅನ್ನ ಸಾರಿಗೇ ತೃಪ್ತಿಪಟ್ಟುಕೊಳ್ಳುತ್ತಿದ್ದವನು ಈಗ ಹಪ್ಪಳದವರೆಗೂ ಕೇಳುತ್ತಾನೆ.

ಆಗಸ್ಟಿನಲ್ಲಿ ವಿಶ್ವವಿದ್ಯಾಲಯದಿಂದ ಕೊನೆಯದಾಗಿ ಒಂದು ಫಾರಂ ಬಂತು, ಅತಿಥೇಯರ ಅಭಿಪ್ರಾಯ. ಶಂಕರಪ್ಪನವರು ಊಟದ ಮೇಜಿನಲ್ಲಿ ಕೂತು, ಪ್ರತಿ ಕಾಲಂ ಎರಡು ಸಲ ಓದಿ, ಬೆವರುತ್ತಾ ತುಂಬಿದರು. ಕಟ್ಟಕಡೆಗೆ 'ಅತಿಥಿ ವಿದ್ಯಾರ್ಥಿಯ ಮೇಲೆ ತಮ್ಮ ದೂರುಗಳು' ಎಂದಿತ್ತು. ಅವರ ಮುಖ ಅರಳಿತು. ಇಪ್ಪತ್ತೆಂಟು ವರ್ಷದ ಸಂಸ್ಕಾರಕ್ಕೆ ತಕ್ಕ ಜಾಗ ಕೊನೆಗೂ ಸಿಕ್ಕಿತ್ತು. ನೆಮ್ಮದಿಯಿಂದ, ದುಂಡಗೆ, 'ನಿಲ್' ಎಂದು ಬರೆದರು.

ಕಮಲಾಕ್ಷಿ ಹಿಂದಿನಿಂದ ಬಗ್ಗಿ ನೋಡಿ ಪೆನ್ನು ಕಿತ್ತುಕೊಂಡರು.

"ಹೊಡೆದುಹಾಕ್ತೀನಿ ಅದನ್ನ," ಎಂದರು. "ಇಷ್ಟು ಜಾಗ ಸಾಲಲ್ಲ. ಇನ್ನೊಂದು ಹಾಳೆ ಕೊಡಿ."